ಡಿಎಡಬ್ಲ್ಯು ಆಯ್ಕೆ: ಸದ್ದು ಒಂದೇ, ಕೆಲಸದ ದಾರಿ ಬೇರೆ

ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್ ಮಾಡಬೇಕು ಅಂತ ಹೊರಟವರು ಮೊದಲು ಕೇಳುವ ಪ್ರಶ್ನೆ ಹೆಚ್ಚಾಗಿ ಇದೇ: ಯಾವ ಸಾಫ್ಟ್‌ವೇರ್‌ನಲ್ಲಿ ಸೌಂಡ್ ಚೆನ್ನಾಗಿ ಬರುತ್ತದೆ? ನೇರ ಉತ್ತರ ಕೊಟ್ಟರೆ ತುಂಬ ಜನ ನಂಬುವುದಿಲ್ಲ. ಎಲ್ಲದರಲ್ಲೂ ಒಂದೇ ಥರ ಬರುತ್ತದೆ.

ಡಿಜಿಟಲ್ ಆಡಿಯೊ ವರ್ಕ್‌ಸ್ಟೇಷನ್, ಅಂದರೆ ಡಿಎಡಬ್ಲ್ಯು, ಹಿಂದೆ ಸ್ಟುಡಿಯೊದಲ್ಲಿ ಕೋಣೆ ತುಂಬ ಇರುತ್ತಿದ್ದ ಟೇಪ್ ಮೆಷಿನ್, ಮಿಕ್ಸಿಂಗ್ ಕನ್ಸೋಲ್, ಎಫೆಕ್ಟ್ ಪೆಟ್ಟಿಗೆಗಳನ್ನೆಲ್ಲ ಒಂದೇ ಸ್ಕ್ರೀನಿಗೆ ತಂದಿಟ್ಟ ಸಾಫ್ಟ್‌ವೇರ್. ಮೈಕ್‌ನಿಂದ ಬಂದ ದನಿಯನ್ನು ರೆಕಾರ್ಡ್ ಮಾಡುತ್ತದೆ, ಕತ್ತರಿಸಲು ಜೋಡಿಸಲು ಬಿಡುತ್ತದೆ, ಒಳಗೇ ಇರುವ ವಾದ್ಯಗಳನ್ನು ನುಡಿಸುತ್ತದೆ, ಎಲ್ಲ ಟ್ರ್ಯಾಕ್‌ಗಳನ್ನೂ ಕೂಡಿಸಿ ಕೊನೆಗೆ ಒಂದು ಫೈಲ್ ಮಾಡಿ ಕೊಡುತ್ತದೆ. ಆ ಕೂಡಿಸುವ ಕೆಲಸ ಬರೀ ಲೆಕ್ಕ. ಎರಡು ಟ್ರ್ಯಾಕ್ ಸೇರಿಸುವುದೆಂದರೆ ಎರಡು ಸಂಖ್ಯೆ ಕೂಡಿಸುವುದು. ಅದನ್ನು ಒಂದು ಸಾಫ್ಟ್‌ವೇರ್ ಸಿಹಿಯಾಗಿ, ಇನ್ನೊಂದು ಒರಟಾಗಿ ಮಾಡಲು ಬರುವುದಿಲ್ಲ.

ನಂಬಿಕೆ ಬರದಿದ್ದರೆ ನೀವೇ ಪರೀಕ್ಷೆ ಮಾಡಬಹುದು. ಒಂದು ಹಾಡಿನ ಸ್ಟೀರಿಯೊ ಟ್ರ್ಯಾಕ್‌ಗಳನ್ನು ಎರಡು ಬೇರೆ ಡಿಎಡಬ್ಲ್ಯುಗಳಿಗೆ ಹಾಕಿ. ಫೇಡರ್‌ಗಳೆಲ್ಲ (ಜೋರು ಏರಿಳಿಸುವ ಪಟ್ಟಿಗಳು) ಸೊನ್ನೆ ಡೆಸಿಬೆಲ್‌ನಲ್ಲಿರಲಿ, ಪ್ಲಗಿನ್ (ಡಿಎಡಬ್ಲ್ಯು ಒಳಗೆ ಹಾಕಿಕೊಳ್ಳುವ ಎಫೆಕ್ಟ್ ಅಥವಾ ವಾದ್ಯದ ಪುಟ್ಟ ಸಾಫ್ಟ್‌ವೇರ್) ಒಂದೂ ಬೇಡ. ಎರಡರಿಂದಲೂ ಎಕ್ಸ್‌ಪೋರ್ಟ್ ಮಾಡಿ. ಆ ಎರಡು ಫೈಲುಗಳನ್ನು ಒಂದೇ ಪ್ರಾಜೆಕ್ಟಿನಲ್ಲಿ ಪಕ್ಕಪಕ್ಕ ಇಟ್ಟು, ಒಂದರ ಪೊಲಾರಿಟಿ ತಿರುಗಿಸಿ. ಅಂದರೆ ಅಲೆ ಮೇಲೆ ಹೋಗುವ ಕಡೆ ಕೆಳಗೆ ಹೋಗುವ ಹಾಗೆ. ಈಗ ಎರಡನ್ನೂ ಒಟ್ಟಿಗೆ ಪ್ಲೇ ಮಾಡಿ. ಏನೂ ಕೇಳಿಸುವುದಿಲ್ಲ. ಒಂದು ಇನ್ನೊಂದನ್ನು ಪೂರ್ತಿ ಅಳಿಸಿಹಾಕಿತು ಅಂದರೆ ಎರಡೂ ಒಂದೇ ಎಂದಾಯಿತು. ಇದಕ್ಕೆ ನಲ್ ಟೆಸ್ಟ್ ಎನ್ನುತ್ತಾರೆ.

ಹಾಗಾದರೆ ‘ಇದರಲ್ಲಿ ಸೌಂಡ್ ದಪ್ಪ, ಅದರಲ್ಲಿ ತೆಳು’ ಎನ್ನುವ ಮಾತು ಎಲ್ಲಿಂದ ಬಂತು? ಬಹಳ ಸಲ ಪ್ಯಾನ್ ಲಾ ಎಂಬ ಸಣ್ಣ ಸೆಟ್ಟಿಂಗ್‌ನಿಂದ. ಮೇಲೆ ಸ್ಟೀರಿಯೊ ಟ್ರ್ಯಾಕ್ ಎಂದಿದ್ದು ಅದಕ್ಕೇ. ಒಂದು ಮೊನೊ, ಅಂದರೆ ಎಡ ಬಲ ಬೇರೆಯಿಲ್ಲದ, ಟ್ರ್ಯಾಕ್ ನಡುವಿನಲ್ಲಿದ್ದರೆ ಎರಡೂ ಸ್ಪೀಕರ್‌ನಿಂದ ಬರುತ್ತದೆ. ಹಾಗಾಗಿ ಒಂದು ಪಕ್ಕಕ್ಕೆ ಸರಿಸಿದಾಗಿನದಕ್ಕಿಂತ ಜೋರಾಗಿ ಕೇಳಿಸುತ್ತದೆ. ಇದನ್ನು ಸರಿದೂಗಿಸಲು ನಡುವೆ ಇರುವ ದನಿಯನ್ನು ಕೆಲವು ಸಾಫ್ಟ್‌ವೇರ್ 3 ಡೆಸಿಬೆಲ್ ತಗ್ಗಿಸುತ್ತವೆ, ಕೆಲವು 4.5, ಕೆಲವು 6. ಇನ್ನು ಕೆಲವು ಏನೂ ತಗ್ಗಿಸುವುದಿಲ್ಲ. ಅದೇ ಫೈಲು, ಅದೇ ಫೇಡರ್, ಆದರೆ ಹಾಡುವ ದನಿ ಒಂದರಲ್ಲಿ 3 ಡೆಸಿಬೆಲ್ ಜಾಸ್ತಿ. ನಮ್ಮ ಕಿವಿಗೆ ಜೋರಾಗಿರುವುದೆಲ್ಲ ಚೆನ್ನಾಗಿಯೂ ಕೇಳಿಸುತ್ತದೆ. ಅಲ್ಲಿಗೆ ‘ದಪ್ಪ ಸೌಂಡ್’ ಎಂಬ ಕಥೆ ಹುಟ್ಟಿಕೊಂಡಿತು.

ನಿಜವಾದ ವ್ಯತ್ಯಾಸವೂ ಉಂಟು, ಇಲ್ಲ ಎಂದಲ್ಲ. ಹಾಡಿನ ವೇಗ ಬದಲಿಸಿದಾಗ ದನಿಯನ್ನು ಎಳೆಯುವ ಅಥವಾ ಕುಗ್ಗಿಸುವ ವಿಧಾನ ಒಂದೊಂದರಲ್ಲಿ ಒಂದೊಂದು ಥರ. ಜತೆಗೆ ಬರುವ ವಾದ್ಯಗಳು, ರಿವರ್ಬ್ (ಕೋಣೆಯ ಅನುರಣನ ಕೊಡುವುದು), ಕಂಪ್ರೆಸರ್ (ಜೋರು ಮೆಲುವಿನ ಅಂತರ ತಗ್ಗಿಸುವುದು) ಬೇರೆ ಬೇರೆ. ಆದರೆ ಅವೆಲ್ಲ ಅದರೊಳಗಿನ ಸಾಮಾನು. ಸಾಮಾನನ್ನು ಬೇಕಾದಾಗ ಬದಲಿಸಬಹುದು.

ಒಳಗೆ ಇರುವುದು ಎರಡೇ ಬಗೆ

ಯಾವ ಡಿಎಡಬ್ಲ್ಯು ತೆರೆದರೂ ಟ್ರ್ಯಾಕ್‌ಗಳಲ್ಲಿ ಕೂತಿರುವುದು ಎರಡರಲ್ಲಿ ಒಂದು: ಆಡಿಯೊ ಅಥವಾ ಮಿಡಿ. ಇದು ತಲೆಗೆ ಹೋಗದಿದ್ದರೆ ಮುಂದಿನದೆಲ್ಲ ಗೊಂದಲ.

ಆಡಿಯೊ ಎಂದರೆ ರೆಕಾರ್ಡ್ ಆದ ಸದ್ದು. ಮೈಕ್‌ನಿಂದ ಬರುವ ಅಲೆಯನ್ನು ಆಡಿಯೊ ಇಂಟರ್ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಸಂಖ್ಯೆಗಳಾಗಿ ಬರೆದಿಡುತ್ತದೆ. ತಪ್ಪಾಗಿ ಹಾಡಿದ ಸ್ವರವೂ, ಹಿಂದೆ ತಿರುಗುತ್ತಿದ್ದ ಫ್ಯಾನಿನ ಸದ್ದೂ ಅದರಲ್ಲೇ ಬೆರೆತು ಹೋಗಿರುತ್ತದೆ.

ಮಿಡಿಯಲ್ಲಿ ಸದ್ದೇ ಇಲ್ಲ. 1983ರಲ್ಲಿ ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಒಂದಕ್ಕೊಂದು ಮಾತಾಡಲಿ ಅಂತ ಮಾಡಿಕೊಂಡ ಒಪ್ಪಂದ ಅದು. ಕೀಬೋರ್ಡಿನ ಒಂದು ಮನೆ ಒತ್ತಿದರೆ ಕಂಪ್ಯೂಟರಿಗೆ ಹೋಗುವುದು ಮೂರೇ ವಿಷಯ: ‘ಸ್ವರ ಶುರು, 60ನೇ ಮನೆ, ಜೋರು 93’. ಬೆರಳು ಎತ್ತಿದರೆ ಇನ್ನೊಂದು ಸಂದೇಶ: ‘60ನೇ ಮನೆ, ನಿಂತಿತು’. ಮನೆಯ ಸಂಖ್ಯೆಯೂ ಒತ್ತಿದ ಜೋರೂ 0ಯಿಂದ 127ರ ಒಳಗೆ. ಆ ಸಂದೇಶವನ್ನು ಕೇಳಿ ಸದ್ದು ಮಾಡುವುದು ಟ್ರ್ಯಾಕಿನಲ್ಲಿ ಕೂರಿಸಿದ ಸಾಫ್ಟ್‌ವೇರ್ ವಾದ್ಯ. ಹಾಗಾಗಿ ಇವತ್ತು ಪಿಯಾನೊ ಎಂದು ನುಡಿಸಿದ್ದನ್ನು ನಾಳೆ ಕೊಳಲು ಮಾಡಬಹುದು. ಶ್ರುತಿ ಏರಿಸಬಹುದು, ತಾಳ ತಪ್ಪಿದ ಒಂದೇ ಸ್ವರವನ್ನು ಮೌಸಿನಿಂದ ಹಿಡಿದು ಸರಿಯಾದ ಜಾಗಕ್ಕೆ ಎಳೆಯಬಹುದು.

ಜಾರು ಹೊಡೆಯುವ ರಾಗಗಳಿಗೆ ಮಿಡಿ ಸ್ವಲ್ಪ ಕೈಕೊಡುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಪಿಚ್ ಬೆಂಡ್ ಚಕ್ರ ಬಳಸಬೇಕು. ಅದಕ್ಕೆ 128 ಅಲ್ಲ, 16,384 ಮೆಟ್ಟಿಲುಗಳಿವೆ, ಹಾಗಾಗಿ ನುಣುಪಾಗಿಯೇ ಜಾರುತ್ತದೆ. ತೊಂದರೆ ಬರುವುದು ಬೇರೆ ಕಡೆ. ಚಕ್ರವನ್ನು ಪೂರ್ತಿ ತಿರುಗಿಸಿದರೆ ಎಷ್ಟು ಸ್ವರ ಏರಬೇಕು ಎಂಬುದು ವಾದ್ಯದ ಒಳಗಿನ ಸೆಟ್ಟಿಂಗ್. ಬಹಳ ವಾದ್ಯಗಳಲ್ಲಿ ಅದು ಎರಡು ಅರ್ಧಸ್ವರಕ್ಕೆ ನಿಂತಿರುತ್ತದೆ. ದೊಡ್ಡ ಜಾರು ಬೇಕಿದ್ದರೆ ಅದನ್ನು ಹನ್ನೆರಡಕ್ಕೆ ಏರಿಸಿಕೊಳ್ಳಿ. ಆಮೇಲೆ ವಾದ್ಯ ಬದಲಿಸಿದಾಗ ಹೊಸ ವಾದ್ಯದಲ್ಲೂ ಹನ್ನೆರಡೇ ಇರಬೇಕು, ಇಲ್ಲದಿದ್ದರೆ ಇಡೀ ರಾಗ ಅಪಸ್ವರ. ಇನ್ನೊಂದು ಮಿತಿ, ಬೆಂಡ್ ಮಾಡಿದರೆ ಆ ಚಾನೆಲ್ಲಿನ (ಮಿಡಿ ಸಂದೇಶಗಳು ಹೋಗುವ ಒಂದು ದಾರಿ) ಎಲ್ಲ ಸ್ವರಗಳೂ ಒಟ್ಟಿಗೆ ಜಾರುತ್ತವೆ. ಒಂದೊಂದು ಸ್ವರಕ್ಕೂ ಬೇರೆ ಚಾನೆಲ್ ಕೊಟ್ಟು ಇದನ್ನು ದಾಟುವ ಎಂಪಿಇ ಎಂಬ ಪದ್ಧತಿ 2018ರಲ್ಲಿ ಮಿಡಿಗೆ ಅಧಿಕೃತವಾಗಿ ಸೇರಿತು. ನಿಮ್ಮ ಸಂಗೀತದಲ್ಲಿ ಜಾರು ಜಾಸ್ತಿ ಇದ್ದರೆ, ಆಯ್ಕೆ ಮಾಡುವಾಗ ಎಂಪಿಇ ಇದೆಯಾ ಅಂತ ನೋಡಿಕೊಳ್ಳುವುದು ಒಳ್ಳೆಯದು.

ಯಾವುದು ಯಾರಿಗೆ

ಮೊದಲು ಕಂಪ್ಯೂಟರ್ ನೋಡಿ. ಲಾಜಿಕ್ ಪ್ರೊ ಮತ್ತು ಗ್ಯಾರೇಜ್‌ಬ್ಯಾಂಡ್ ಆ್ಯಪಲ್ ಯಂತ್ರಗಳಲ್ಲಿ ಮಾತ್ರ ಓಡುತ್ತವೆ. ಲಾಜಿಕ್ ಒಂದು ಕಾಲಕ್ಕೆ ವಿಂಡೋಸ್‌ನಲ್ಲೂ ಇತ್ತು. ಅದನ್ನು ಮಾಡಿದ ಇಮ್ಯಾಜಿಕ್ ಕಂಪನಿಯನ್ನು ಆ್ಯಪಲ್ 2002ರಲ್ಲಿ ಕೊಂಡಿತು, ವಿಂಡೋಸ್ ಆವೃತ್ತಿ ಅಲ್ಲಿಗೇ ನಿಂತಿತು. ಲಿನಕ್ಸ್ ಬಳಸುವವರಿಗೆ ಆರ್ಡರ್ (Ardour), ರೀಪರ್, ಬಿಟ್‌ವಿಗ್ ಇವೆ. ಉಳಿದ ದೊಡ್ಡ ಹೆಸರುಗಳಲ್ಲಿ ಹೆಚ್ಚಿನವು ವಿಂಡೋಸ್, ಮ್ಯಾಕ್ ಎರಡರಲ್ಲೂ ಸಿಗುತ್ತವೆ.

ಆಮೇಲೆ ನೋಡಬೇಕಾದ್ದು ಅದು ಎಂಥ ಕೆಲಸಕ್ಕಾಗಿ ಹುಟ್ಟಿತು ಎಂಬುದು. ಈಗ ಎಲ್ಲರೂ ಎಲ್ಲವನ್ನೂ ಕೊಡುತ್ತಾರೆ, ನಿಜ. ಆದರೂ ಹುಟ್ಟುಗುಣ ಹೋಗಿಲ್ಲ. 1991ರಲ್ಲಿ ಬಂದ ಪ್ರೊ ಟೂಲ್ಸ್ ಟೇಪಿನ ಜಾಗ ಹಿಡಿಯಲು ಬಂದದ್ದು. ರೆಕಾರ್ಡ್ ಆದ ದನಿಯನ್ನು ಕತ್ತರಿಸಿ ಸರಿಮಾಡುವುದರಲ್ಲಿ ಅದರ ಕೈ ಇಂದಿಗೂ ಚುರುಕು. ದೊಡ್ಡ ಸ್ಟುಡಿಯೊಗಳ ಜತೆ, ಸಿನಿಮಾ ಸೌಂಡ್ ಕೆಲಸದವರ ಜತೆ ಸೆಷನ್, ಅಂದರೆ ಪ್ರಾಜೆಕ್ಟ್, ಹಂಚಿಕೊಳ್ಳಬೇಕಾದವರಿಗೆ ಅದು ಬಂದಿರಬೇಕು. ಕ್ಯೂಬೇಸ್ 1989ರಲ್ಲಿ ಅಟಾರಿ ಎಸ್‌ಟಿ ಕಂಪ್ಯೂಟರಿನಲ್ಲಿ ಮಿಡಿ ಬರೆಯುವ ಸಾಧನವಾಗಿ ಶುರುವಾಯಿತು. ಸಾಲುಸಾಲು ವಾದ್ಯಗಳಿಗೆ ಸ್ವರ ಬರೆಯುವವರು ಈಗಲೂ ಅದನ್ನು ಇಷ್ಟಪಡುವುದು ಅದಕ್ಕೇ.

ಏಬಲ್‌ಟನ್ ಲೈವ್ 2001ರಲ್ಲಿ ಬರ್ಲಿನ್‌ನಿಂದ ಬಂತು. ಅದರ ಹೆಸರೇ ಹೇಳುವಂತೆ ವೇದಿಕೆ ಅದರ ಮನಸ್ಸಿನಲ್ಲಿತ್ತು. ಅದರ ಸೆಷನ್ ವ್ಯೂನಲ್ಲಿ ಹಾಡು ಎಡದಿಂದ ಬಲಕ್ಕೆ ಓಡುವುದಿಲ್ಲ. ಸಣ್ಣ ಸಣ್ಣ ಕ್ಲಿಪ್‌ಗಳು ಚೌಕಗಳಲ್ಲಿ ಕೂತಿರುತ್ತವೆ, ಯಾವುದನ್ನು ಒತ್ತಿದರೆ ಅದು ತಾಳಕ್ಕೆ ಸರಿಯಾಗಿ ಶುರುವಾಗುತ್ತದೆ. ಹಾಡು ಹೇಗೆ ಸಾಗಬೇಕು ಅಂತ ಇನ್ನೂ ಗೊತ್ತಿಲ್ಲದಾಗ ಹೀಗೆ ಆಡುತ್ತಾ ಹುಡುಕುವುದು ಸುಲಭ. ಬಿಟ್‌ವಿಗ್ ಕೂಡ ಇದೇ ಜಾಡಿನದು. ಎಫ್‌ಎಲ್ ಸ್ಟುಡಿಯೊ 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನ ಡ್ರಮ್ ಸೀಕ್ವೆನ್ಸರ್ (ಡ್ರಮ್ ಏಟುಗಳನ್ನು ಸಾಲಾಗಿ ಜೋಡಿಸಿ ನುಡಿಸುವ ಸಾಧನ) ಆಗಿತ್ತು. ಬೀಟ್ ಕಟ್ಟುವುದರಲ್ಲಿ ಅದರಷ್ಟು ಬೇಗ ಕೈ ಕೂರುವ ಸಾಫ್ಟ್‌ವೇರ್ ಕಡಿಮೆ. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತ ಎಂಬುದು ಅದರ ದೊಡ್ಡ ಆಕರ್ಷಣೆ. ಅದರ ಟ್ರಯಲ್‌ನಲ್ಲಿ ಒಂದು ಕೊಕ್ಕೆ ಇದೆ: ಪ್ರಾಜೆಕ್ಟ್ ಸೇವ್ ಆಗುತ್ತದೆ, ಆದರೆ ದುಡ್ಡು ಕೊಡುವ ತನಕ ಮತ್ತೆ ತೆರೆಯುವುದಿಲ್ಲ.

ರೀಪರ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಲೇಬೇಕು. ಒಂದು ಕಾಲಕ್ಕೆ ಎಲ್ಲರ ಕಂಪ್ಯೂಟರಿನಲ್ಲೂ ಇದ್ದ ವಿನ್ಯಾಂಪ್ ಪ್ಲೇಯರ್ ಬರೆದ ಜಸ್ಟಿನ್ ಫ್ರಾಂಕೆಲ್ ಅವರೇ ಇದರ ಹಿಂದಿರುವವರು. ಫೈಲು ಪುಟ್ಟದು, ಹಳೆಯ ಕಂಪ್ಯೂಟರಿನಲ್ಲೂ ಹಗುರವಾಗಿ ಓಡುತ್ತದೆ, 60 ದಿನ ಯಾವ ಕತ್ತರಿಯೂ ಇಲ್ಲದೆ ಬಳಸಿ ನೋಡಬಹುದು. ಆದರೆ ನೋಡಲು ಅಷ್ಟೇನೂ ಚೆಂದವಿಲ್ಲ, ಜತೆಗೆ ವಾದ್ಯಗಳೂ ಇಲ್ಲ ಎನ್ನುವಷ್ಟು ಕಡಿಮೆ. ಹಾಡು, ಗಿಟಾರ್, ವಯಲಿನ್ ಥರದ ನಿಜವಾದ ವಾದ್ಯಗಳನ್ನೇ ರೆಕಾರ್ಡ್ ಮಾಡುವವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್‌ನಿಂದ ಶುರುಮಾಡಿ. ಅದರ ಪ್ರಾಜೆಕ್ಟುಗಳು ಮುಂದೆ ಲಾಜಿಕ್‌ನಲ್ಲಿ ತೆರೆಯುತ್ತವೆ. ಒಡಾಸಿಟಿ ಉಚಿತ, ಒಳ್ಳೆಯದು, ಆದರೆ ಅದು ಮುಖ್ಯವಾಗಿ ಆಡಿಯೊ ಎಡಿಟರ್. ಮಾತು ರೆಕಾರ್ಡ್ ಮಾಡಿ ಕತ್ತರಿಸಲು ಸಾಕು. ಮಿಡಿ ವಾದ್ಯ ಇಟ್ಟುಕೊಂಡು ಹಾಡು ಕಟ್ಟಲು ಹೋದರೆ ಸುಮ್ನೆ ತಲೆನೋವು.

ಆಡಿಯೊ ಇಂಟರ್ಫೇಸ್ ಅಥವಾ ಮಿಡಿ ಕೀಬೋರ್ಡ್ ಕೊಂಡರೆ ಅದರ ಜತೆ ಯಾವುದೋ ಒಂದು ಡಿಎಡಬ್ಲ್ಯುವಿನ ಲೈಟ್ ಆವೃತ್ತಿ ಬರುವುದುಂಟು. ಅದರಲ್ಲಿ ಎಷ್ಟು ಟ್ರ್ಯಾಕ್ ಹಾಕಲು ಬಿಡುತ್ತಾರೆ ಅಂತ ಮೊದಲೇ ನೋಡಿ. ಹಾಡು ಮುಕ್ಕಾಲು ಮುಗಿದ ಮೇಲೆ ‘ಇನ್ನು ಟ್ರ್ಯಾಕ್ ಸೇರಿಸಲಾಗದು’ ಎಂಬ ಸಂದೇಶ ಬಂದರೆ ಸಿಟ್ಟು ಬರುತ್ತದೆ, ಅಲ್ವಾ?

ಎರಡು ಮೂರು ಟ್ರಯಲ್ ಹಾಕಿಕೊಂಡು ಒಂದೇ ಸಣ್ಣ ಕೆಲಸವನ್ನು ಎಲ್ಲದರಲ್ಲೂ ಮಾಡಿ ನೋಡಿ. ಒಂದು ನಿಮಿಷದ ಹಾಡು, ದನಿಯ ಮೂರು ಟೇಕ್, ಅದರಲ್ಲಿ ಒಳ್ಳೆಯ ಸಾಲುಗಳನ್ನು ಆರಿಸಿ ಒಂದು ಮಾಡುವುದು, ಮಿಡಿಯಲ್ಲಿ ಬೇಸ್, ಸ್ವಲ್ಪ ರಿವರ್ಬ್, ಎಕ್ಸ್‌ಪೋರ್ಟ್. ಯಾವುದರಲ್ಲಿ ಕಡಿಮೆ ತಡಕಾಡಿದಿರೋ ಅದು ನಿಮ್ಮದು. ಇದಕ್ಕಿಂತ ದೊಡ್ಡ ಕಾರಣ ಒಂದೇ ಒಂದು ಇದೆ: ಹತ್ತಿರದ ಗೆಳೆಯರು ಯಾವುದನ್ನು ಬಳಸುತ್ತಾರೆ ಎಂಬುದು. ರಾತ್ರಿ ಹನ್ನೊಂದಕ್ಕೆ ಮೈಕ್ ಸದ್ದು ಬರದೆ ಕೂತಾಗ ಫೋನಿನಲ್ಲಿ ‘ಬಲಗಡೆ ಮೇಲೆ ಒಂದು ಬಟನ್ ಇದೆ ನೋಡು’ ಅಂತ ಹೇಳುವವರು ಬೇಕು.

ಪ್ಲಗಿನ್‌ಗಳ ವಿಷಯದಲ್ಲಿ ಒಂದು ಎಚ್ಚರ. ಅವುಗಳಲ್ಲಿ ಹಲವು ನಮೂನೆಗಳಿವೆ. ಕ್ಯೂಬೇಸ್ ಮಾಡಿದ ಸ್ಟೈನ್‌ಬರ್ಗ್ 1996ರಲ್ಲಿ ತಂದ ವಿಎಸ್‌ಟಿ ಎಲ್ಲಕ್ಕಿಂತ ಹೆಚ್ಚು ಕಡೆ ನಡೆಯುತ್ತದೆ. ಲಾಜಿಕ್‌ಗೆ ಆಡಿಯೊ ಯೂನಿಟ್ಸ್ ಬೇಕು, ಪ್ರೊ ಟೂಲ್ಸ್‌ಗೆ ಎಎಎಕ್ಸ್. 2022ರಲ್ಲಿ ಕ್ಲ್ಯಾಪ್ ಎಂಬ ಮುಕ್ತ ನಮೂನೆಯೂ ಬಂದಿದೆ. ಕೊಂಡ ಪ್ಲಗಿನ್‌ಗಳು ಸಾಮಾನ್ಯವಾಗಿ ಎರಡು ಮೂರು ನಮೂನೆಯಲ್ಲಿ ಬರುತ್ತವೆ. ಉಚಿತದವು ಕೆಲವೊಮ್ಮೆ ಒಂದೇ. ಕದ್ದ ಪ್ಲಗಿನ್ ಹಾಕಿಕೊಳ್ಳುವವರಿಗೆ ನ್ಯಾಯ ಅನ್ಯಾಯ ಹೇಳುವುದಿಲ್ಲ. ಆರು ತಿಂಗಳ ನಂತರ ಕಂಪ್ಯೂಟರ್ ಅಪ್‌ಡೇಟ್ ಆದ ದಿನ ಅದು ತೆರೆಯದೆ ಹಾಡು ಅರ್ಧಕ್ಕೆ ನಿಲ್ಲುತ್ತದೆ ಎಂದಷ್ಟೇ ಹೇಳುತ್ತೇನೆ.

ದನಿ ತಡವಾಗಿ ಕೇಳಿಸುವುದೇಕೆ

ಹೊಸಬರಲ್ಲಿ ಅರ್ಧಕ್ಕರ್ಧ ಜನ ಮೊದಲ ವಾರವೇ ಎಡವುವುದು ಇಲ್ಲಿ. ಹೆಡ್‌ಫೋನ್ ಹಾಕಿ ಹಾಡುತ್ತಾರೆ, ತಮ್ಮದೇ ದನಿ ಒಂದು ಚೂರು ತಡವಾಗಿ ಕಿವಿಗೆ ಬೀಳುತ್ತದೆ. ಲಯ ಹೋಗುತ್ತದೆ. ಸಾಫ್ಟ್‌ವೇರ್ ಸರಿಯಿಲ್ಲ ಅಂತ ಬೇರೆಯದಕ್ಕೆ ಹೋಗುತ್ತಾರೆ, ಅಲ್ಲೂ ಅದೇ ಕಥೆ.

ಕಂಪ್ಯೂಟರ್ ಒಂದೊಂದೇ ಸಂಖ್ಯೆಯನ್ನು ಬಂದ ಹಾಗೇ ಕಳಿಸುವುದಿಲ್ಲ. ಒಂದಷ್ಟು ಸ್ಯಾಂಪಲ್ ಸೇರಿದ ಮೇಲೆ ಒಟ್ಟಿಗೆ ಲೆಕ್ಕ ಮಾಡಿ ಕಳಿಸುತ್ತದೆ. ಆ ಗುಂಪಿನ ಗಾತ್ರವೇ ಬಫರ್. 48 ಕಿಲೋಹರ್ಟ್ಸ್‌ನಲ್ಲಿ 64 ಸ್ಯಾಂಪಲ್ ಬಫರ್ ಎಂದರೆ 1.3 ಮಿಲಿಸೆಕೆಂಡ್, 256 ಎಂದರೆ 5.3, 1024 ಎಂದರೆ 21.3. ಇದು ಒಳಗೆ ಬರುವಾಗಿನ ಲೆಕ್ಕ. ಹೊರಗೆ ಹೋಗುವಾಗ ಮತ್ತೊಮ್ಮೆ ಅಷ್ಟೇ ಸೇರಿಕೊಳ್ಳುತ್ತದೆ, ಜತೆಗೆ ಇಂಟರ್ಫೇಸಿನ ಒಳಗಿನ ಸ್ವಲ್ಪ ತಡ. ಅಂದರೆ 256ಕ್ಕೆ ಒಟ್ಟು ಹತ್ತು ಮಿಲಿಸೆಕೆಂಡ್ ದಾಟುತ್ತದೆ. ಗಾಳಿಯಲ್ಲಿ ಸದ್ದು ಹತ್ತು ಮಿಲಿಸೆಕೆಂಡಿಗೆ ಸುಮಾರು ಮೂರೂವರೆ ಮೀಟರ್ ಹೋಗುತ್ತದೆ. ಗಿಟಾರ್ ನುಡಿಸುವವರು ಅಷ್ಟು ದೂರದ ಸ್ಪೀಕರ್ ಕೇಳಿಕೊಂಡು ನುಡಿಸಬಲ್ಲರು. ಹಾಡುವವರ ಪಾಡು ಬೇರೆ. ಅವರ ದನಿ ತಲೆಬುರುಡೆಯ ಮೂಲಕವೂ ಕಿವಿಗೆ ಮುಟ್ಟುತ್ತಿರುತ್ತದೆ, ಹೆಡ್‌ಫೋನಿನಿಂದಲೂ ಬರುತ್ತದೆ. ಎರಡೂ ಬೆರೆತಾಗ ಕೆಲವೇ ಮಿಲಿಸೆಕೆಂಡ್ ತಡವಾದರೂ ದನಿ ಟೊಳ್ಳಾಗಿ ಕೇಳಿಸುತ್ತದೆ.

ಹಾಗಾದರೆ ಬಫರ್ ಯಾವಾಗಲೂ 64 ಇಟ್ಟರಾಯಿತಲ್ಲ? ಆಗದು. ಬಫರ್ ಚಿಕ್ಕದಾದಷ್ಟೂ ಕಂಪ್ಯೂಟರಿಗೆ ಲೆಕ್ಕ ಮುಗಿಸಲು ಸಮಯ ಕಡಿಮೆ. ಮುಗಿಯದಿದ್ದರೆ ಚಟಪಟ ಸದ್ದು ಬರುತ್ತದೆ, ಇಲ್ಲವೇ ಹಾಡು ನಿಂತೇ ಹೋಗುತ್ತದೆ. ಹಾಗಾಗಿ ರೆಕಾರ್ಡ್ ಮಾಡುವಾಗ 64 ಅಥವಾ 128, ಮಿಕ್ಸ್ ಮಾಡುವಾಗ 1024. ಹಾಡುವವರಿಗೆ ಇನ್ನೂ ಒಳ್ಳೆಯ ದಾರಿ ಡೈರೆಕ್ಟ್ ಮಾನಿಟರಿಂಗ್. ಬಹಳ ಇಂಟರ್ಫೇಸ್‌ಗಳಲ್ಲಿ ಇದಕ್ಕೊಂದು ಬಟನ್ ಇರುತ್ತದೆ. ಅದನ್ನು ಒತ್ತಿದರೆ ಮೈಕ್‌ನ ದನಿ ಕಂಪ್ಯೂಟರಿಗೆ ಹೋಗಿ ಬರುವ ತನಕ ಕಾಯದೆ ನೇರ ಹೆಡ್‌ಫೋನಿಗೆ ಬರುತ್ತದೆ. ಆಗ ಆ ಟ್ರ್ಯಾಕಿನ ಮಾನಿಟರ್ ಬಟನ್ (ಹಾಡುವಾಗಲೇ ದನಿ ಕೇಳಿಸುವುದು) ಸಾಫ್ಟ್‌ವೇರ್‌ನಲ್ಲಿ ಆಫ್ ಮಾಡಿ, ಇಲ್ಲದಿದ್ದರೆ ದನಿ ಎರಡೆರಡು ಸಲ ಕೇಳಿಸುತ್ತದೆ.

ಬಫರ್ ಚಿಕ್ಕದಿದ್ದರೂ ತಡವಾಗುತ್ತಿದೆ ಎಂದರೆ ಎಲ್ಲ ಟ್ರ್ಯಾಕ್‌ಗಳೂ ಕೊನೆಗೆ ಸೇರುವ ಮಾಸ್ಟರ್ ಟ್ರ್ಯಾಕ್ ನೋಡಿ. ಲಿಮಿಟರ್ (ಸದ್ದು ಒಂದು ಮಿತಿ ದಾಟದಂತೆ ತಡೆಯುವುದು), ಲೀನಿಯರ್ ಫೇಸ್ ಈಕ್ಯು (ಈಕ್ಯು ಎಂದರೆ ಮಂದ್ರ, ತಾರ ಕಂಪನಗಳನ್ನು ಬೇರೆ ಬೇರೆಯಾಗಿ ಏರಿಳಿಸುವುದು) ಥರದ ಪ್ಲಗಿನ್‌ಗಳು ಮುಂದೆ ಬರುವ ಸದ್ದನ್ನು ಇಣುಕಿ ನೋಡಿ ಕೆಲಸ ಮಾಡುತ್ತವೆ. ಇಣುಕಲು ತಡೆದು ನಿಲ್ಲಿಸಲೇಬೇಕು. ಒಂದು ಟ್ರ್ಯಾಕ್ ತಡವಾದರೆ ಉಳಿದವೂ ಅದರ ಜತೆ ಬರಲಿ ಅಂತ ಡಿಎಡಬ್ಲ್ಯು ಎಲ್ಲವನ್ನೂ ಹಿಂದಕ್ಕೆ ಹಿಡಿಯುತ್ತದೆ. ಕೇಳುವಾಗ ಇದರಿಂದ ಏನೂ ತೊಂದರೆಯಿಲ್ಲ, ನುಡಿಸುವಾಗ ಕೀಬೋರ್ಡ್ ಅಂಟಿಕೊಂಡ ಹಾಗೆ ಅನಿಸುತ್ತದೆ. ರೆಕಾರ್ಡಿಂಗ್ ಮುಗಿಯುವ ತನಕ ಅಂಥ ಪ್ಲಗಿನ್ ತೆಗೆದೇ ಇಡಿ. ಬರೀ ಬೈಪಾಸ್ (ತೆಗೆಯದೆ ಆಫ್) ಮಾಡಿದರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ತಡ ಹೋಗುವುದಿಲ್ಲ.

ವಿಂಡೋಸ್‌ನಲ್ಲಿ ತಡ ಕಡಿಮೆ ಮಾಡಲು ಇಂಟರ್ಫೇಸ್ ಜತೆ ಬರುವ ಏಸಿಯೊ (ASIO) ಡ್ರೈವರ್ ಹಾಕಿ, ಡಿಎಡಬ್ಲ್ಯುವಿನಲ್ಲಿ ಅದನ್ನೇ ಆರಿಸಬೇಕು. ಮ್ಯಾಕ್‌ನಲ್ಲಿ ಆ ತಾಪತ್ರಯವಿಲ್ಲ. ಬ್ಲೂಟೂತ್ ಹೆಡ್‌ಫೋನ್ ಹಾಕಿ ರೆಕಾರ್ಡ್ ಮಾಡಲು ಹೋಗಬೇಡಿ, ಅದರ ತಡವನ್ನು ಯಾವ ಸೆಟ್ಟಿಂಗೂ ಸರಿಮಾಡದು.

ಎಷ್ಟು ಜೋರು, ಎಷ್ಟು ಬಿಟ್

ಪ್ರಾಜೆಕ್ಟ್ ಶುರುಮಾಡುವಾಗ ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್, 24 ಬಿಟ್ ಎಂದು ಇಟ್ಟು ಮರೆತುಬಿಡಿ. ಸ್ಯಾಂಪಲ್ ರೇಟಿನ ಅರ್ಧದಷ್ಟು ಮೇಲಿನ ಕಂಪನಗಳ ತನಕ ಹಿಡಿಯಬಹುದು. ಮನುಷ್ಯರ ಕಿವಿ ಸುಮಾರು 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ. 1982ರಲ್ಲಿ ಬಂದ ಸಿಡಿಗೆ 44.1 ಸಾಕಾಗಿದ್ದು ಅದಕ್ಕೇ. ವಿಡಿಯೊಗೆ 48 ರೂಢಿ. 96 ಇಟ್ಟರೆ ಫೈಲಿನ ಗಾತ್ರ ಎರಡರಷ್ಟು, ಕಂಪ್ಯೂಟರಿನ ಕೆಲಸವೂ ಹೆಚ್ಚುಕಡಿಮೆ ಅಷ್ಟೇ. 48, 24 ಬಿಟ್‌ನ ಒಂದು ಮೊನೊ ಟ್ರ್ಯಾಕ್ ನಿಮಿಷಕ್ಕೆ 8.6 ಎಂಬಿ. ನಾಲ್ಕು ನಿಮಿಷದ ಹಾಡಿಗೆ ಅಂಥ ಹತ್ತು ಟ್ರ್ಯಾಕ್ ಎಂದರೆ ಸುಮಾರು 345 ಎಂಬಿ, ಮೂರು ಮೂರು ಟೇಕ್ ಇದ್ದರೆ ಒಂದು ಜಿಬಿ.

ಒಂದೊಂದು ಬಿಟ್ ಸುಮಾರು 6 ಡೆಸಿಬೆಲ್ ಜಾಗ ಕೊಡುತ್ತದೆ. 16 ಬಿಟ್‌ಗೆ 96, 24 ಬಿಟ್‌ಗೆ 144. ಇಷ್ಟು ಜಾಗ ಇರುವಾಗ ಮೀಟರನ್ನು ಸೊನ್ನೆಯ (ಅದೇ ಮೇಲಿನ ಮಿತಿ) ಅಂಚಿಗೆ ತಂದು ರೆಕಾರ್ಡ್ ಮಾಡುವ ಅಗತ್ಯವೇ ಇಲ್ಲ. ಹಾಡಿನ ಅತಿ ಜೋರಾದ ಸಾಲು ಮೈನಸ್ 12ರಿಂದ ಮೈನಸ್ 10ರ ಆಸುಪಾಸು ಇದ್ದರೆ ಸಾಕು. ಎಲ್ಲರೂ ಪರೀಕ್ಷೆಗೆ ಮೆಲ್ಲಗೆ ಹಾಡಿ, ರೆಕಾರ್ಡ್ ಶುರುವಾದ ಮೇಲೆ ಗಂಟಲು ಬಿಚ್ಚುತ್ತಾರೆ. ಅದಕ್ಕೂ ಜಾಗ ಇರಲಿ. ರೆಕಾರ್ಡ್ ಆಗುವಾಗ ಸೊನ್ನೆ ದಾಟಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಮತ್ತೆ ಹಾಡುವುದೇ ಅದಕ್ಕೆ ಸರಿಯಾದ ಮದ್ದು.

ಮಿಕ್ಸರಿನ ಒಳಗಿನ ಟ್ರ್ಯಾಕುಗಳಲ್ಲಿ ಕೆಂಪು ದೀಪ ಹತ್ತಿದರೆ ಅಷ್ಟು ಗಾಬರಿ ಬೇಡ. ಒಳಗಿನ ಲೆಕ್ಕವೆಲ್ಲ ಸೊನ್ನೆಯ ಮೇಲೂ ಜಾಗ ಇರುವ 32 ಅಥವಾ 64 ಬಿಟ್ ಫ್ಲೋಟಿಂಗ್ ಪಾಯಿಂಟಿನಲ್ಲಿ ನಡೆಯುವುದರಿಂದ, ಮಾಸ್ಟರ್ ಫೇಡರ್ ತಗ್ಗಿಸಿದರೆ ಅಲೆ ಪೂರ್ತಿ ವಾಪಸ್ ಬರುತ್ತದೆ. ಮಾಸ್ಟರಿನಲ್ಲಿ ಮಾತ್ರ ಕೆಂಪು ಇರಬಾರದು.

ಕತ್ತರಿ, ರಿವರ್ಬ್, ಮಿಕ್ಸ್

ಟೆಂಪೊ ಗೊತ್ತುಮಾಡಿ, ಕ್ಲಿಕ್ (ತಾಳ ತೋರಿಸುವ ಟಿಕ್ ಟಿಕ್ ಸದ್ದು) ಹಾಕಿಕೊಂಡು ರೆಕಾರ್ಡ್ ಮಾಡಿ. ಆಮೇಲೆ ಕತ್ತರಿಸುವುದು, ಸಾಲು ಜರುಗಿಸುವುದು, ಮಿಡಿ ಸೇರಿಸುವುದು ಎಲ್ಲ ಸುಲಭ. ಡಿಎಡಬ್ಲ್ಯುವಿನಲ್ಲಿ ಕತ್ತರಿಸಿದರೂ ಮೂಲ ಫೈಲಿಗೆ ಏನೂ ಆಗುವುದಿಲ್ಲ. ಯಾವ ಫೈಲಿನ ಎಷ್ಟನೇ ಸೆಕೆಂಡಿನಿಂದ ಎಷ್ಟರ ತನಕ ನುಡಿಸಬೇಕು ಎಂಬ ಟಿಪ್ಪಣಿಯಷ್ಟೇ ಬದಲಾಗುತ್ತದೆ. ತುಂಡಿನ ಅಂಚು ಹಿಡಿದು ಎಳೆದರೆ ಹೋಯಿತು ಎಂದುಕೊಂಡ ಸಾಲು ಮತ್ತೆ ಹೊರಗೆ ಬರುತ್ತದೆ.

ಎರಡು ಟೇಕ್ ಜೋಡಿಸಿದ ಕಡೆ ‘ಟಕ್’ ಅನ್ನುತ್ತಿದೆಯಾ? ಝೂಮ್ ಮಾಡಿ ನೋಡಿ. ಕತ್ತರಿಸಿದ ಜಾಗದಲ್ಲಿ ಮೊದಲ ಅಲೆ ಮೇಲೆಲ್ಲೋ ಇದೆ, ಮುಂದಿನದು ಕೆಳಗೆಲ್ಲೋ ಶುರುವಾಗುತ್ತದೆ. ಸ್ಪೀಕರಿನ ಪರದೆ ಒಂದೇ ಏಟಿಗೆ ಮೇಲಿಂದ ಕೆಳಗೆ ಹಾರಬೇಕು, ಆ ಹಾರಾಟವೇ ‘ಟಕ್’. ಎರಡರ ಮೇಲೂ ಹತ್ತು ಮಿಲಿಸೆಕೆಂಡಿನ ಕ್ರಾಸ್‌ಫೇಡ್ (ಒಂದು ಇಳಿಯುತ್ತಾ ಇನ್ನೊಂದು ಏರುವುದು) ಎಳೆದರೆ ಮಾಯ. ಉಸಿರು ಎಳೆಯುವ ಜಾಗಕ್ಕೆ ಸ್ವಲ್ಪ ಮುಂಚೆ ಕತ್ತರಿಸಿದರೆ ಜೋಡಣೆ ಯಾರಿಗೂ ಗೊತ್ತಾಗುವುದಿಲ್ಲ. ಉಸಿರನ್ನೇ ಅಳಿಸಿಬಿಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ.

ಈಕ್ಯು, ಕಂಪ್ರೆಸರ್ ಇವನ್ನು ಟ್ರ್ಯಾಕಿನ ಮೇಲೆಯೇ ಇನ್ಸರ್ಟ್ ಆಗಿ, ಅಂದರೆ ಇಡೀ ಸದ್ದು ಅದರ ಮೂಲಕವೇ ಹೋಗುವ ಹಾಗೆ, ಹಾಕಿ. ರಿವರ್ಬ್ ಮಾತ್ರ ಬೇರೆ ಒಂದು ಬಸ್‌ನಲ್ಲಿ (ಹಲವು ಟ್ರ್ಯಾಕ್‌ಗಳ ಸದ್ದು ಬಂದು ಸೇರುವ ದಾರಿ) ಇಟ್ಟು, ಒಂದೊಂದು ಟ್ರ್ಯಾಕಿನಿಂದ ಬೇಕಾದಷ್ಟು ಸದ್ದನ್ನು ಅಲ್ಲಿಗೆ ಸೆಂಡ್ ಮಾಡಿ. ಬಸ್‌ನ ರಿವರ್ಬ್‌ನಲ್ಲಿ ವೆಟ್ (ಎಫೆಕ್ಟ್ ಆದ ಸದ್ದಿನ ಪಾಲು) ನೂರಕ್ಕೆ ನೂರು ಇರಲಿ. ಹತ್ತು ರಿವರ್ಬ್ ಓಡಿಸುವ ಕೆಲಸ ಕಂಪ್ಯೂಟರಿಗೆ ತಪ್ಪುತ್ತದೆ, ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ನುಡಿಸಿದ ಹಾಗೂ ಕೇಳಿಸುತ್ತದೆ. ಆದರೂ ಕಂಪ್ಯೂಟರ್ ಏದುಸಿರು ಬಿಟ್ಟರೆ ಭಾರದ ವಾದ್ಯಗಳನ್ನು ಫ್ರೀಜ್ ಮಾಡಿ. ಮಿಡಿ ಹಾಗೇ ಇರುತ್ತದೆ, ತಾತ್ಕಾಲಿಕವಾಗಿ ಅದರ ಆಡಿಯೊ ನುಡಿಯುತ್ತದೆ.

ಪ್ಲಗಿನ್ ಹಾಕಿದಾಗಲೆಲ್ಲ ಪ್ಯಾನ್ ಲಾ ಕಥೆ ನೆನಪಿರಲಿ. ಬಹಳ ಪ್ಲಗಿನ್‌ಗಳು ಹಾಕಿದ ಕೂಡಲೇ ಸದ್ದನ್ನು ಒಂದೆರಡು ಡೆಸಿಬೆಲ್ ಏರಿಸುತ್ತವೆ. ಔಟ್‌ಪುಟ್ ತಗ್ಗಿಸಿ ಮೊದಲಿನಷ್ಟೇ ಜೋರಿಗೆ ತಂದು, ಆನ್ ಆಫ್ ಮಾಡಿ ಕೇಳಿ. ಆಗಲೂ ಚೆನ್ನಾಗಿದ್ದರೆ ಇಟ್ಟುಕೊಳ್ಳಿ. ಹೀಗೆ ಕೇಳಲು ಶುರುಮಾಡಿದರೆ ನಿಮ್ಮ ಅರ್ಧದಷ್ಟು ಪ್ಲಗಿನ್‌ಗಳು ಹೊರಗೆ ಹೋಗುತ್ತವೆ. ದನಿಯಲ್ಲಿ ಕೆಲವು ಪದ ನುಂಗಿಹೋಗುತ್ತಿದ್ದರೆ ಕಂಪ್ರೆಸರಿಗೆ ಓಡುವ ಮುಂಚೆ, ಆ ಪದಗಳ ವಾಲ್ಯೂಮ್ ಅನ್ನು ಆಟೊಮೇಷನ್ ಗೆರೆ (ಎಲ್ಲಿ ಎಷ್ಟು ಏರಿಳಿಯಬೇಕು ಎಂದು ತೋರಿಸುವ ಗೆರೆ) ಎಳೆದು ಏರಿಸಿ. ಬೇಜಾರಿನ ಕೆಲಸ, ಆದರೆ ಒಳ್ಳೆಯ ಮಿಕ್ಸಿನಲ್ಲಿ ದನಿ ಮುಂದೆ ಬಂದು ಕೂರುವುದು ಹೆಚ್ಚಾಗಿ ಇದರಿಂದಲೇ.

ಕೊನೆಗೆ ಎಷ್ಟು ಜೋರಾಗಿರಬೇಕು ಎಂಬ ಪ್ರಶ್ನೆ. ಸ್ಪಾಟಿಫೈ, ಯೂಟ್ಯೂಬ್‌ಗಳು ಹಾಡಿನ ಜೋರನ್ನು ಎಲ್‌ಯುಎಫ್‌ಎಸ್ ಎಂಬ ಅಳತೆಯಲ್ಲಿ ಅಳೆದು ಸುಮಾರು ಮೈನಸ್ 14ಕ್ಕೆ ತರುತ್ತವೆ. ಲಿಮಿಟರ್ ಒತ್ತಿ ಮೈನಸ್ 8ಕ್ಕೆ ಏರಿಸಿದ ಹಾಡನ್ನು ಅವರು ಅಲ್ಲಿ ತಗ್ಗಿಸುತ್ತಾರೆ, ಒತ್ತಿದ ಗಾಯ ಮಾತ್ರ ಉಳಿಯುತ್ತದೆ. ಹಾಗಂತ 14 ಶಾಸನವೇನಲ್ಲ, ಗದ್ದಲದ ಹಾಡಿಗೆ ಅದಕ್ಕಿಂತ ಜೋರೇ ಒಪ್ಪಬಹುದು. ಟ್ರೂ ಪೀಕ್ (ಅಲೆಯ ನಿಜವಾದ ತುದಿಯ ಅಳತೆ) ಮೈನಸ್ 1 ದಾಟದಿರಲಿ, ಎಂಪಿ3 ಮಾಡುವಾಗ ಅಲೆಯ ತುದಿಗಳು ಸ್ವಲ್ಪ ಏರುತ್ತವೆ. ಮೊದಲು 24 ಬಿಟ್ ವೇವ್ ಫೈಲ್ ತೆಗೆದಿಡಿ. 16 ಬಿಟ್‌ಗೆ ಇಳಿಸುವಾಗ ಡಿದರ್ (ಬಿಟ್ ಇಳಿಸಿದ್ದರ ಒಡಕು ಮರೆಸುವ ತೀರ ಮೆಲು ಗದ್ದಲ) ಆನ್ ಮಾಡಿ, ಅದೂ ಕಟ್ಟಕಡೆಗೆ ಒಂದೇ ಸಲ.

ಹಾಡು ಕಳಿಸುವಾಗ, ಎತ್ತಿಡುವಾಗ

ಪ್ರಾಜೆಕ್ಟ್ ಫೈಲ್ ನೋಡಿದ್ದೀರಾ, ಎಷ್ಟು ಪುಟ್ಟದಿರುತ್ತದೆ? ಅದರಲ್ಲಿ ಸದ್ದು ಇಲ್ಲ. ಸದ್ದಿನ ಫೈಲುಗಳು ಎಲ್ಲಿವೆ ಎಂಬ ವಿಳಾಸ ಇದೆ. ಅದೊಂದನ್ನೇ ಗೆಳೆಯರಿಗೆ ಕಳಿಸಿದರೆ ಅವರಿಗೆ ಕಾಣುವುದು ಖಾಲಿ ಟ್ರ್ಯಾಕುಗಳು ಮತ್ತು ‘ಫೈಲ್ ಸಿಗುತ್ತಿಲ್ಲ’ ಎಂಬ ಸಂದೇಶ. ಡೆಸ್ಕ್‌ಟಾಪ್‌ನಿಂದ ಎಳೆದು ಹಾಕಿದ ಡ್ರಮ್ ಲೂಪ್ ಡೆಸ್ಕ್‌ಟಾಪ್‌ನಲ್ಲೇ ಉಳಿದಿರುತ್ತದೆ. ಹೆಚ್ಚಿನ ಡಿಎಡಬ್ಲ್ಯುಗಳಲ್ಲಿ ಎಲ್ಲ ಫೈಲುಗಳನ್ನೂ ಪ್ರಾಜೆಕ್ಟ್ ಫೋಲ್ಡರಿಗೇ ನಕಲು ಮಾಡುವ ಆಯ್ಕೆ ಇರುತ್ತದೆ. ಅದನ್ನು ಒತ್ತಿ, ಫೋಲ್ಡರನ್ನೇ ಕಳಿಸಿ.

ಎದುರಿನವರ ಬಳಿ ಬೇರೆ ಡಿಎಡಬ್ಲ್ಯು ಇದ್ದರೆ ಪ್ರಾಜೆಕ್ಟ್ ತೆರೆಯುವುದೇ ಇಲ್ಲ. ಇದಕ್ಕಾಗಿ 2023ರಲ್ಲಿ ಬಿಟ್‌ವಿಗ್ ಮತ್ತು ಪ್ರಿಸೋನಸ್ ಸೇರಿ ಡಿಎಡಬ್ಲ್ಯುಪ್ರಾಜೆಕ್ಟ್ ಎಂಬ ಮುಕ್ತ ನಮೂನೆ ತಂದರು. ಅದನ್ನು ಎಲ್ಲರೂ ಇನ್ನೂ ಒಪ್ಪಿಕೊಂಡಿಲ್ಲ. ಅಲ್ಲಿಯ ತನಕ ಹಳೆಯ ದಾರಿಯೇ ಗಟ್ಟಿ. ಒಂದೊಂದು ಟ್ರ್ಯಾಕನ್ನೂ ಹಾಡಿನ ಮೊದಲ ಸೆಕೆಂಡಿನಿಂದಲೇ ಶುರುವಾಗುವ ಹಾಗೆ ವೇವ್ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಗಿಟಾರ್ ಮೂರನೇ ನಿಮಿಷಕ್ಕೆ ಬರುವುದಿದ್ದರೂ ಸರಿ. ಹೀಗಿದ್ದರೆ ಎಲ್ಲವನ್ನೂ ಸೊನ್ನೆಗೆ ಇಟ್ಟ ಕೂಡಲೇ ಹಾಡು ತಾನಾಗಿ ಜೋಡಿಯಾಗುತ್ತದೆ. ಮಿಡಿಯನ್ನು ಬೇರೆ ಫೈಲಾಗಿ ತೆಗೆಯಿರಿ. ಟೆಂಪೊ ಮತ್ತು ಶ್ರುತಿಯನ್ನು ಫೋಲ್ಡರಿನ ಹೆಸರಿನಲ್ಲೇ ಬರೆಯಿರಿ. ಮುಗಿದ ಹಾಡುಗಳನ್ನು ಎತ್ತಿಡುವಾಗಲೂ ಹೀಗೇ ಮಾಡಿ. ಹತ್ತು ವರ್ಷದ ಮೇಲೆ ಇವತ್ತಿನ ಪ್ಲಗಿನ್ ಓಡುತ್ತದೋ ಇಲ್ಲವೋ, ವೇವ್ ಫೈಲ್ ತೆರೆಯುತ್ತದೆ.